ಶಾಲೆ ಹೋಗಿತ್ತು, ಪಟ್ಟಿಗೆ ಗೊತ್ತಿರಲಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ವಾಚಕರ ವಾಣಿಯಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ನಗರಾಡಳಿತಕ್ಕೆ ಸೇರಿದ ಕಟ್ಟಡಗಳು ಎಷ್ಟಿವೆ ಎಂದು ಮೂರು ವಿಭಾಗಗಳಲ್ಲಿ ವಿಚಾರಿಸಿದರೆ ಮೂರು ಬೇರೆ ಲೆಕ್ಕ ಸಿಕ್ಕಿತು, ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎಂದು. ಆ ಪತ್ರ ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ನಾನು 31 ವರ್ಷ ನಗರಾಡಳಿತವೊಂದರ ಆಸ್ತಿ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ಇಂಥ ಪಟ್ಟಿಗಳನ್ನು ಕೈಯಲ್ಲೂ ಬರೆದಿದ್ದೇನೆ, ಟೈಪೂ ಮಾಡಿದ್ದೇನೆ. ಆ ಓದುಗರಿಗೆ ನನ್ನ ಉತ್ತರ ಇಷ್ಟು: ಮೂವರೂ ನಿಜವನ್ನೇ ಹೇಳಿರಬಹುದು.

ಒಂದು ಆವರಣವನ್ನು ಕಣ್ಣಮುಂದೆ ತಂದುಕೊಳ್ಳಿ. ಸುತ್ತ ಒಂದೇ ಕಾಂಪೌಂಡು. ಮುಂದೆ ಎರಡು ಅಂತಸ್ತಿನ ಕಟ್ಟಡ. ಹಿಂದೆ ಉದ್ದನೆಯ ಇನ್ನೊಂದು ಕಟ್ಟಡ. ಮೂಲೆಯಲ್ಲಿ ಪಂಪ್‌ಹೌಸ್. ಗೋಡೆಗೆ ಆತುಕೊಂಡು ಸಾರ್ವಜನಿಕ ಶೌಚಾಲಯ. ಮುಂದಿನ ಕಟ್ಟಡದ ಕೆಳಗಡೆ ಆರೋಗ್ಯ ಕೇಂದ್ರ, ಮಹಡಿಯಲ್ಲಿ ಗ್ರಂಥಾಲಯ. ಹಿಂದಿನದರಲ್ಲಿ ಹಗಲು ಶಾಲೆ, ಸಂಜೆ ದೊಡ್ಡವರಿಗೆ ಹೊಲಿಗೆ ತರಬೇತಿ. ಜಾಗದ ಲೆಕ್ಕ ಇಡುವವರಿಗೆ ಇದು 1 ಆಸ್ತಿ. ಎಂಜಿನಿಯರಿಗೆ 4 ಕಟ್ಟಡ. ಲೆಕ್ಕಪತ್ರದವರಿಗೆ 2, ಯಾಕೆಂದರೆ ಬಿಲ್ಲು ಆಗಿದ್ದು ಎರಡೇ ಸಲ. ಅಲ್ಲಿಗೆ ಬರುವ ಜನರಿಗೆ 5 ಸೌಲಭ್ಯ. ಪಂಪ್‌ಹೌಸನ್ನು ಸೌಲಭ್ಯ ಎಂದು ಯಾರೂ ಎಣಿಸುವುದಿಲ್ಲ ಅಲ್ವಾ? 1, 2, 4, 5. ಎಲ್ಲವೂ ಸರಿ. ಆದರೆ ಇವನ್ನೆಲ್ಲ ಒಂದೇ ಅಂಕಣದಲ್ಲಿ ತುಂಬಿ ಕೆಳಗೆ ‘ಒಟ್ಟು’ ಎಂದು ಬರೆದರೆ ಆ ಒಟ್ಟಿಗೆ ಅರ್ಥವೇ ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲವೂ ಒಂದು ದಪ್ಪ ರಿಜಿಸ್ಟರಿನಲ್ಲಿತ್ತು. ಎರಡು ಕೈ ಹಾಕಿ ಎತ್ತಬೇಕಿತ್ತು. ಕ್ರಮಸಂಖ್ಯೆ, ಆಸ್ತಿಯ ವಿವರ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಅಳತೆ, ಕಟ್ಟಿದ ವರ್ಷ, ಬೆಲೆ, ಕೊನೆಗೆ ಷರಾ, ಅಂದರೆ ಟಿಪ್ಪಣಿ. ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ದೊಡ್ಡ ಮರ, ಪಶ್ಚಿಮಕ್ಕೆ ಕಾಲುದಾರಿ’ ಎಂದಿರುತ್ತಿತ್ತು. ಮರ ಕಡಿದು ಎಷ್ಟೋ ವರ್ಷ ಆಗಿರುತ್ತಿತ್ತು. ಕಾಲುದಾರಿ ಟಾರು ರಸ್ತೆಯಾಗಿರುತ್ತಿತ್ತು. ಆದರೂ ಆ ರಿಜಿಸ್ಟರಿನ ಮೇಲೆ ನನಗೆ ಗೌರವ ಇದ್ದದ್ದು ಷರಾ ಅಂಕಣದಿಂದ. ನನಗಿಂತ ಮೊದಲಿದ್ದವರು ಅಲ್ಲಿ ಏನೇನೋ ಬರೆದಿಟ್ಟಿದ್ದರು. ‘ಮೇಲಿನ ಎರಡು ಕೋಣೆ ಗ್ರಂಥಾಲಯಕ್ಕೆ ಬಿಟ್ಟುಕೊಟ್ಟಿದೆ.’ ‘ಉತ್ತರದ ಗೋಡೆ ಬಿರುಕು, ಮಳೆಗಾಲದಲ್ಲಿ ಬಳಸತಕ್ಕದ್ದಲ್ಲ.’ ‘ಬೀಗದ ಕೈ ಎದುರುಮನೆಯವರ ಬಳಿ ಇದೆ.’ ಒಂದೊಂದರ ಪಕ್ಕದಲ್ಲೂ ತಾರೀಕು, ಚಿಕ್ಕ ಸಹಿ. ಕಟ್ಟಡದ ಬೆಲೆ ಎಷ್ಟು ಎಂದು ಉಳಿದ ಅಂಕಣಗಳು ಹೇಳುತ್ತಿದ್ದವು. ಅದರೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದದ್ದು ಷರಾ ಒಂದೇ.

ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದೆವು. ಕೆಲಸ ಬೇಗ ಮುಗಿಯಬೇಕಿತ್ತು. ಕ್ರಮಸಂಖ್ಯೆ, ಅಳತೆ, ಬೆಲೆ ಸಲೀಸಾಗಿ ಹೋದವು. ಷರಾ ಮಾತ್ರ ಒಂದೊಂದು ಕಡೆ ಒಂದೊಂದು ಉದ್ದ, ಒಂದೊಂದು ಕೈಬರಹ. ಅದನ್ನು ಬಿಟ್ಟುಬಿಡಿ ಎಂದು ಹೇಳಿದರು. ಬಿಟ್ಟೆವು. ನಾನೂ ಬಿಟ್ಟೆ. ‘ಉಪಯೋಗ’ ಎಂಬ ಒಂದು ಅಂಕಣ ಇತ್ತು. ಅದರಲ್ಲಿ ‘ಶಾಲೆ’, ‘ಆಸ್ಪತ್ರೆ’, ‘ಕಚೇರಿ’ ಎಂದು ಒಂದೇ ಪದ ಹಾಕಲು ಜಾಗ.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು ಒಂದು ರಾತ್ರಿ ವಿಪರೀತ ಮಳೆ ಬಂತು. ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಜನರನ್ನು ಎಲ್ಲಿ ಇರಿಸಬಹುದು ಎಂದು ಪಟ್ಟಿ ಕೇಳಿದರು. ನಾನು ‘ಶಾಲೆ’ ಎಂದಿರುವ ಸಾಲುಗಳನ್ನು ಹೆಕ್ಕಿ, ಮುದ್ರಿಸಿ ಕೊಟ್ಟೆ. ಹತ್ತು ನಿಮಿಷದ ಕೆಲಸ. ಅದರಲ್ಲಿ ಒಂದು ಸಾಲಿನ ಶಾಲೆ ಒಂದೂವರೆ ವರ್ಷದ ಹಿಂದೆಯೇ ಬೇರೆ ಕಟ್ಟಡಕ್ಕೆ ಹೋಗಿತ್ತು. ಹಳೇ ಕಟ್ಟಡಕ್ಕೆ ಬೀಗ. ಕಟ್ಟಡ ನಮ್ಮ ಪುಸ್ತಕದಲ್ಲಿತ್ತು, ಅದರ ಬೆಲೆಯೂ ಇತ್ತು, ಹಾಗಾಗಿ ‘ಶಾಲೆ’ ಎಂಬ ಪದವೂ ಉಳಿದಿತ್ತು. ಸುಮಾರು 40 ಜನ ಅಲ್ಲಿಗೆ ಹೋಗಿ ಬಾಗಿಲ ಮುಂದೆ ನಿಂತರು. ಮಕ್ಕಳಿದ್ದರು. ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಬೇರೆ ಜಾಗ ಸಿಕ್ಕಾಗ ರಾತ್ರಿ ಎರಡು ಗಂಟೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮರುದಿನ ಆ ಹಳೇ ರಿಜಿಸ್ಟರ್ ತೆಗೆದು ನೋಡಿದೆ. ಉತ್ತರದ ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಬಳಸಬಾರದು ಎಂದು ಬರೆದಿದ್ದದ್ದು ಅದೇ ಕಟ್ಟಡದ ಸಾಲಿನಲ್ಲಿ. ಬೀಗ ಹಾಕಿದ್ದು ಒಳ್ಳೆಯದೇ ಆಯಿತು ಎಂದು ಆಗ ತಿಳಿಯಿತು. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಆ ಪಟ್ಟಿಯಲ್ಲಿ ಕಾಗುಣಿತ ತಪ್ಪಿರಲಿಲ್ಲ, ಅಳತೆಯೂ ತಪ್ಪಿರಲಿಲ್ಲ. ಕಟ್ಟಡವನ್ನೂ ಅದರೊಳಗಿನ ಶಾಲೆಯನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ್ದೇ ತಪ್ಪು. ಜಾಗ ಎಲ್ಲಿಗೂ ಹೋಗುವುದಿಲ್ಲ. ಕಟ್ಟಡ 50 ವರ್ಷಕ್ಕೋ 100 ವರ್ಷಕ್ಕೋ ಬೀಳುತ್ತದೆ. ಸೌಲಭ್ಯ ಮಾತ್ರ ಯಾವಾಗ ಬೇಕಾದರೂ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ. ಮೂರಕ್ಕೂ ಮೂರು ಪಟ್ಟಿ ಬೇಕು. ಒಂದೊಂದಕ್ಕೂ ಅದರದೇ ಸಂಖ್ಯೆ ಬೇಕು. ಯಾವ ಸೌಲಭ್ಯ ಯಾವ ಕಟ್ಟಡದಲ್ಲಿದೆ, ಯಾವತ್ತಿನಿಂದ, ಯಾವತ್ತಿನವರೆಗೆ ಎಂದು ಅವುಗಳನ್ನು ಹೊಲಿಯುವ ದಾರ ಬೇಕು. ನಾನು ಈ ಪತ್ರ ಬರೆಯುತ್ತಿರುವುದೇ ಇದನ್ನು ಹೇಳಲು.

ಇದು ನನ್ನ ಸ್ವಂತ ಬುದ್ಧಿಯಲ್ಲ. ನಿವೃತ್ತಳಾದ ಮೇಲೆ ಬೇರೆ ಕಡೆ ಹೇಗೆ ಮಾಡುತ್ತಾರೆ ಎಂದು ಓದುತ್ತಾ ಹೋದೆ. ನ್ಯೂಯಾರ್ಕ್ ನಗರದಲ್ಲಿ ಜಾಗಕ್ಕೆ 10 ಅಂಕಿಯ ಸಂಖ್ಯೆ ಇದೆ. ಮೊದಲ ಅಂಕಿ ನಗರದ ಐದು ಭಾಗಗಳಲ್ಲಿ ಯಾವುದು ಎಂದು ಹೇಳುತ್ತದೆ, ಮುಂದಿನ 5 ಬ್ಲಾಕ್, ಕೊನೆಯ 4 ನಿವೇಶನ. ಕಟ್ಟಡಕ್ಕೆ ಬೇರೆಯೇ 7 ಅಂಕಿಯ ಸಂಖ್ಯೆ. ನಗರದ ಸ್ವಂತ ಆಸ್ತಿ ಮತ್ತು ಬಾಡಿಗೆಗೆ ಪಡೆದದ್ದು ಒಂದು ಪಟ್ಟಿ. ಶಾಲೆ, ಗ್ರಂಥಾಲಯ, ಉದ್ಯಾನ, ಅಗ್ನಿಶಾಮಕ ಠಾಣೆಗಳದ್ದು ಇನ್ನೊಂದು ಪಟ್ಟಿ. ಅದನ್ನು ಅಲ್ಲಿನ ನಗರ ಯೋಜನಾ ಇಲಾಖೆ ಬೇರೆ ಬೇರೆ ಇಲಾಖೆಗಳಿಂದ ಮಾಹಿತಿ ತಂದು ಜೋಡಿಸುತ್ತದೆ. ನನಗೆ ಇಷ್ಟವಾದ ಒಂದು ಸಣ್ಣ ವಿಷಯ ಹೇಳಲೇಬೇಕು. ಯಾವ ಕಟ್ಟಡ ಎಂದು ಪತ್ತೆ ಆಗದಿದ್ದರೆ ಅಲ್ಲಿ 1000000, 2000000 ಎಂಬಂಥ ಸಂಖ್ಯೆ ಬರುತ್ತದೆ. ಭಾಗ ಗೊತ್ತು, ಕಟ್ಟಡ ಗೊತ್ತಿಲ್ಲ ಎಂದು ಅದರ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಲು ಒಂದು ದಾರಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಆ ದಾರಿ ಇರಲಿಲ್ಲ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಹಾಗಾಗಿ ಹತ್ತಿರದ್ದೇನೋ ಒಂದನ್ನು ಹಾಕುತ್ತಿದ್ದೆವು.

ಬ್ರಿಟನ್ನಿನಲ್ಲಿ ಪ್ರತಿ ಮನೆಗೂ ಕಟ್ಟಡಕ್ಕೂ ಸ್ಥಳೀಯ ಆಡಳಿತ 12 ಅಂಕಿಗಳ ಒಳಗಿನ ಒಂದು ಸಂಖ್ಯೆ ಕೊಡುತ್ತದೆ. ಕಟ್ಟಡ ಕೆಡವಿದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. 2020ರ ಜುಲೈನಿಂದ ಆ ಸಂಖ್ಯೆ ಮತ್ತು ಅದು ನಕ್ಷೆಯಲ್ಲಿ ಎಲ್ಲಿದೆ ಎಂಬುದು ಯಾರು ಬೇಕಾದರೂ ಬಳಸಲು ಮುಕ್ತವಾಗಿದೆ. ನಾವು ಮಾಡುತ್ತಿದ್ದದ್ದು ತದ್ವಿರುದ್ಧ. ಒಂದು ಕಟ್ಟಡ ಬಿದ್ದರೆ ಅದರ ಕ್ರಮಸಂಖ್ಯೆ ಖಾಲಿ ಆಯಿತು ಎಂದು ಹೊಸದಕ್ಕೆ ಕೊಡುತ್ತಿದ್ದೆವು. ಹತ್ತು ವರ್ಷ ಕಳೆದ ಮೇಲೆ ಹಳೇ ಕಡತದಲ್ಲಿ ‘112ರ ಚಾವಣಿ ದುರಸ್ತಿ’ ಎಂದಿದ್ದರೆ ಅದು ಯಾವ 112 ಎಂದು ಹುಡುಕಲು ಒಂದು ದಿನ ಬೇಕಾಗುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ನನ್ನ ಮನಸ್ಸಿನಲ್ಲಿ ಉಳಿದದ್ದು ನೆದರ್ಲೆಂಡ್ಸಿನ ಪದ್ಧತಿ. ಅಲ್ಲಿ ವಿಳಾಸ ಮತ್ತು ಕಟ್ಟಡಗಳ ದಾಖಲೆಗೆಂದೇ ಕಾನೂನು ಇದೆ, 2009ರಲ್ಲಿ ಜಾರಿಗೆ ಬಂತು. ದಾಖಲೆ ಇಡುವುದು ಆಯಾ ಊರಿನ ಪುರಸಭೆಯ ಹೊಣೆ. ಸಂಖ್ಯೆ 16 ಅಂಕಿಯದ್ದು. ಮೊದಲ 4 ಪುರಸಭೆಯದ್ದು, ಮುಂದಿನ 2 ಇದು ಕಟ್ಟಡವೋ ಅದರೊಳಗಿನ ಒಂದು ಬಳಕೆಯ ಭಾಗವೋ ಎಂದು ಹೇಳುತ್ತದೆ, ಉಳಿದ 10 ಅಂಕಿ ಕ್ರಮಸಂಖ್ಯೆ. ನೋಡಿ, ಕಟ್ಟಡ ಬೇರೆ, ಒಳಗಿನದ್ದು ಬೇರೆ ಎಂಬುದು ಸಂಖ್ಯೆಯಲ್ಲೇ ಕೂತಿದೆ. ಪ್ರತಿ ಕಟ್ಟಡಕ್ಕೂ ಒಂದು ಸ್ಥಿತಿ ಇರುತ್ತದೆ. ಪರವಾನಗಿ ಆಗಿದೆ, ಕಟ್ಟಲು ಶುರುವಾಗಿದೆ, ಬಳಕೆಯಲ್ಲಿದೆ, ಬಳಕೆಯಲ್ಲಿಲ್ಲ, ಕೆಡವಲಾಗಿದೆ. ‘ಬಳಕೆಯಲ್ಲಿಲ್ಲ’ ಎಂಬ ಆ ಒಂದು ಪದ ನಮ್ಮ ಪಟ್ಟಿಯಲ್ಲಿ ಇದ್ದಿದ್ದರೆ ಆ ರಾತ್ರಿ 40 ಜನ ಮಳೆಯಲ್ಲಿ ನಿಲ್ಲುತ್ತಿರಲಿಲ್ಲ.

ಅಲ್ಲಿ ಇನ್ನೊಂದು ನಿಯಮ ಇದೆ. ಸರ್ಕಾರದ ಬೇರೆ ಕಚೇರಿಗಳು ಅದೇ ದಾಖಲೆಯನ್ನು ಬಳಸಬೇಕು, ತಪ್ಪು ಎಂದು ಅನುಮಾನ ಬಂದರೆ ವಾಪಸ್ ತಿಳಿಸಲೇಬೇಕು. ನಮ್ಮಲ್ಲಿ ಹೀಗಿರಲಿಲ್ಲ. ಆರೋಗ್ಯದವರು ತಮ್ಮ ಪಟ್ಟಿಯಲ್ಲಿ ತಿದ್ದಿಕೊಳ್ಳುತ್ತಿದ್ದರು, ಶಿಕ್ಷಣದವರು ತಮ್ಮದರಲ್ಲಿ. ಶಾಲೆ ಹೋದದ್ದು ಶಿಕ್ಷಣದವರಿಗೆ ಮೊದಲ ದಿನವೇ ಗೊತ್ತು, ಅವರೇ ಬೆಂಚು ಸಾಗಿಸಿದ್ದು. ನಮಗೆ ಒಂದು ಟಪಾಲೂ ಬರಲಿಲ್ಲ. ತಿಳಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಅವರನ್ನೂ ದೂರಲಾರೆ.

ಈಗ ಸಣ್ಣ ಸಣ್ಣ ವಿಷಯಗಳಿಗೆ ಬರುತ್ತೇನೆ. ಇವು ಸಣ್ಣವು ಎಂದು ಮೇಲಿನವರಿಗೆ ಅನಿಸಬಹುದು. ಪಟ್ಟಿ ಕೆಡುವುದು ಇಲ್ಲೇ.

ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಬೇಡಿ. ಅದು 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹದಿನಾರನೆಯದ್ದನ್ನು ಸೊನ್ನೆ ಮಾಡುತ್ತದೆ. ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ನುಂಗಿಬಿಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಖ್ಯೆಗಳು ಶುರುವಾಗುವುದೇ 0363 ಎಂದು, ಯೋಚಿಸಿ. ಆ ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿ, ಆಮೇಲೆ ಟೈಪ್ ಮಾಡಿ. ನಮ್ಮ ವಿಭಾಗದಲ್ಲಿ ಇದು ತಿಳಿಯುವಷ್ಟರಲ್ಲಿ ಒಂದು ಇಡೀ ವಾರ್ಡಿನ ಸಂಖ್ಯೆಗಳ ಮುಂದಿನ ಸೊನ್ನೆ ಹೋಗಿತ್ತು.

ನಕ್ಷೆಯ ಮೇಲಿನ ಚುಕ್ಕಿಯ ವಿಷಯವೂ ಹಾಗೇ. ಅಕ್ಷಾಂಶ ರೇಖಾಂಶದಲ್ಲಿ ದಶಮಾಂಶ ಬಿಂದುವಿನ ನಂತರ 3 ಅಂಕಿ ಬರೆದರೆ ಸುಮಾರು 110 ಮೀಟರ್ ಆಚೆ ಈಚೆ ಆಗಬಹುದು. 5 ಅಂಕಿ ಬರೆದರೆ ಸುಮಾರು ಒಂದು ಮೀಟರ್. ಎರಡೂ ಖಾಲಿ ಉಳಿದು ಕಂಪ್ಯೂಟರ್ ಅದನ್ನು 0, 0 ಎಂದು ಓದಿಕೊಂಡರೆ ನಿಮ್ಮ ಗ್ರಂಥಾಲಯ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರಿನಲ್ಲಿ ಹೋಗಿ ಕೂರುತ್ತದೆ. ಅಂಥ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಣ್ಣಿಗೆ ಬೀಳದ್ದು ಬೇರೆ ಇದೆ. ಚುಕ್ಕಿಯನ್ನು ಆವರಣದ ನಟ್ಟನಡುವೆ ಇಡುತ್ತಾರೆ. ಗೇಟು ಇರುವುದು ಹಿಂದಿನ ಬೀದಿಯಲ್ಲಿ. ಬಸುರಿ ಹೆಂಗಸನ್ನು ಕರೆದುಕೊಂಡು ಬಂದ ಆಟೊ ಮುಂದಿನ ಗೋಡೆಯ ಎದುರು ನಿಲ್ಲುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಚುಕ್ಕಿಯನ್ನು ಬಾಗಿಲ ಹತ್ತಿರ ಇಡಿ.

ಹೆಸರಿಗೂ ಒಂದು ಅಂಕಣ ಸಾಲದು. ಕಾಗದದಲ್ಲಿ ಒಂದು ಹೆಸರು, ಫಲಕದಲ್ಲಿ ಇನ್ನೊಂದು, ಜನರ ಬಾಯಲ್ಲಿ ‘ಹಳೇ ಆಸ್ಪತ್ರೆ’. ಮೂರು ಪಟ್ಟಿ ಸೇರಿಸಿದಾಗ ಒಂದೇ ಆಸ್ಪತ್ರೆ ಮೂರು ಆಗುವುದು ಹೀಗೆ. ಜನ ಕರೆಯುವ ಹೆಸರನ್ನೂ ಬರೆದಿಡಿ, ತುರ್ತಿನಲ್ಲಿ ಫೋನ್ ಮಾಡುವವರು ಹೇಳುವುದು ಅದನ್ನೇ.

‘ರ್‍ಯಾಂಪ್ ಇದೆ’ ಎಂಬ ಸಾಲನ್ನು ನಾನು ಈಗ ನಂಬುವುದಿಲ್ಲ. ಆ ಗಾಲಿಕುರ್ಚಿಯ ಅಜ್ಜಿಯ ನೆನಪಿನಲ್ಲಿ ಒಂದು ಸಲ ಟೇಪು ಹಿಡಿದು ಹೋಗಿ ಅಳೆದೆ. ಒಂದೂವರೆ ಅಡಿ ಎತ್ತರ ಹತ್ತಬೇಕು, ಇಳಿಜಾರಿನ ಉದ್ದ ಆರೇ ಅಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಎಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಅಂದರೆ ಅಲ್ಲಿ 18 ಅಡಿ ಬೇಕಿತ್ತು. ಇದ್ದ ರ್‍ಯಾಂಪಿನಲ್ಲಿ ಗಾಲಿಕುರ್ಚಿ ತಳ್ಳುವವರೇ ಹಿಂದಕ್ಕೆ ಜಾರುತ್ತಾರೆ. ಪಟ್ಟಿಯಲ್ಲಿ ಮಾತ್ರ ‘ಇದೆ’. ‘ಇದೆ, ಇಲ್ಲ’ ಎಂದು ಕೇಳುವ ಬದಲು ‘ಎಷ್ಟು’ ಎಂದು ಕೇಳಿದರೆ ಬರೆಯುವವರು ಹೋಗಿ ನೋಡಲೇಬೇಕಾಗುತ್ತದೆ.

ಶೌಚಾಲಯದ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡಿ, ಸಂಪಾದಕರೇ. ಕಟ್ಟಡಗಳ ಪಟ್ಟಿಯಲ್ಲಿ ಅದು ಬರುವುದಿಲ್ಲ, ಯಾಕೆಂದರೆ ಅಷ್ಟು ಸಣ್ಣದಕ್ಕೆ ಬೇರೆ ಬೆಲೆ ಕಟ್ಟಿರುವುದಿಲ್ಲ. ಸೌಲಭ್ಯಗಳ ಪಟ್ಟಿಯಲ್ಲೂ ಬರುವುದಿಲ್ಲ, ಯಾಕೆಂದರೆ ಅದು ಯಾವ ವಿಭಾಗದ್ದು ಎಂದೇ ತೀರ್ಮಾನ ಆಗಿರುವುದಿಲ್ಲ. ಕುಡಿಯುವ ನೀರಿನ ನಲ್ಲಿ, ನೆರಳಿನ ಬೆಂಚು, ಆಟದ ಬಯಲು ಇವಕ್ಕೂ ಇದೇ ಗತಿ. ಇವಕ್ಕೆ ಕಟ್ಟಡವೇ ಇಲ್ಲ. ಆದರೆ ದಿನವಿಡೀ ಹೊರಗೆ ಓಡಾಡುವ ಹೆಂಗಸಿಗೆ ನಗರಾಡಳಿತದ ಇಡೀ ಆಸ್ತಿಯಲ್ಲಿ ಮೊದಲು ಬೇಕಾಗುವುದು ಶೌಚಾಲಯವೇ. ಎಲ್ಲಿದೆ, ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಒಳಗೆ ಚಿಲಕ ಇದೆಯಾ, ನೀರು ಬರುತ್ತಾ, ದೀಪ ಇದೆಯಾ. ನಾನು ಟೈಪ್ ಮಾಡಿದ ಅಷ್ಟೂ ಸಾಲುಗಳಲ್ಲಿ ಚಿಲಕದ ಬಗ್ಗೆ ಒಂದು ಅಂಕಣ ಇರಲಿಲ್ಲ.

ಬಾಡಿಗೆ ಕಟ್ಟಡಗಳ ಬಗ್ಗೆ ಒಂದೇ ಮಾತು. ಖಾಸಗಿ ಕಟ್ಟಡದಲ್ಲಿ ನಡೆಯುವ ನಗರದ ಗ್ರಂಥಾಲಯ ಆಸ್ತಿ ಪಟ್ಟಿಗೆ ಬರುವುದಿಲ್ಲ. ಬೇರೆಯವರಿಗೆ ಬಾಡಿಗೆಗೆ ಕೊಟ್ಟ ನಗರದ ಕಟ್ಟಡ ಬರುತ್ತದೆ. ಆಸ್ತಿ ಪಟ್ಟಿ ನೋಡಿ ಸೌಲಭ್ಯ ಎಣಿಸಿದರೆ ಎರಡು ಕಡೆಯೂ ತಪ್ಪುತ್ತದೆ.

ಷರಾ ಅಂಕಣದಲ್ಲಿ ‘ಸೋರುತ್ತದೆ’ ಎಂದು ಬರೆಯುತ್ತಿದ್ದದ್ದಕ್ಕೆ ಈಗ ಒಂದು ಲೆಕ್ಕವೇ ಇದೆ. ಬಾಕಿ ಇರುವ ದುರಸ್ತಿಗೆ ಎಷ್ಟು ಖರ್ಚು ಎಂದು ಅಂದಾಜು ಮಾಡಿ. ಅದೇ ಕಟ್ಟಡವನ್ನು ಹೊಸದಾಗಿ ಕಟ್ಟಲು ಎಷ್ಟು ಬೇಕೋ ಅದರಿಂದ ಭಾಗಿಸಿ. 0.05ರ ಒಳಗಿದ್ದರೆ ಚೆನ್ನಾಗಿದೆ, 0.10 ದಾಟಿದರೆ ಕಳಪೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಯಾವ ಚಾವಣಿಗೆ ಮೊದಲು ಹಣ ಕೊಡಬೇಕು ಎಂಬ ಜಗಳಕ್ಕೆ ಇದು ಒಳ್ಳೆಯ ಮದ್ದು. ಆದರೆ ಆ ಅಂಕಿಯ ಪಕ್ಕದಲ್ಲಿ ನೋಡಿ ಬಂದವರು ಯಾರು, ಯಾವತ್ತು ಎಂದು ಇರಲೇಬೇಕು. ನಮ್ಮ ಹಳಬರು ತಾರೀಕಿಲ್ಲದೆ ಒಂದು ಷರಾವನ್ನೂ ಬರೆಯುತ್ತಿರಲಿಲ್ಲ.

ಪಟ್ಟಿ ಮಾಡಲು ಹಣ ಸಿಗುತ್ತದೆ. ಸರ್ವೆಯವರು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಸಭೆ ನಡೆಯುತ್ತದೆ, ಪುಸ್ತಕ ಹೊರಬರುತ್ತದೆ. ಪಟ್ಟಿಯನ್ನು ಮರುದಿನ ತಿದ್ದಲು ಮಾತ್ರ ಒಬ್ಬರನ್ನೂ ನೇಮಿಸುವುದಿಲ್ಲ. ಹೀಗೆ ಪೂರ್ತಿ ಹೊಸದಾಗಿ ಎಣಿಸಿದ್ದನ್ನು ನನ್ನ ಸೇವೆಯಲ್ಲಿ ಮೂರು ಸಲ ಕಂಡೆ. ಮೂರು ಸಲವೂ ಹಿಂದಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದರಿಂದ ಶುರು ಮಾಡಿದರು. ಹಾಗಾಗಿ ಒಂದೇ ಕಟ್ಟಡಕ್ಕೆ ಮೂರು ಸಂಖ್ಯೆ. ನನ್ನನ್ನು ಕೇಳಿದರೆ, ದೊಡ್ಡ ಸರ್ವೆಯ ಹಣದಲ್ಲಿ ಒಂದು ಪಾಲು ತೆಗೆದು, ಪ್ರತಿ ವಾರ್ಡಿಗೆ ಒಬ್ಬರಿಗೆ ಈ ಕೆಲಸವನ್ನೇ ಕೊಡಿ. ತಿಂಗಳಿಗೆ ಹತ್ತು ಸೌಲಭ್ಯ ಹೋಗಿ ನೋಡಲಿ. ಬೀಗ ಇದ್ದರೆ ಬೀಗ ಎಂದು ಬರೆಯಲಿ. ಪಟ್ಟಿಯನ್ನು ಎಲ್ಲರೂ ನೋಡುವ ಹಾಗೆ ಇಟ್ಟರೆ ತಪ್ಪನ್ನು ಮೊದಲು ಹೇಳುವವರು ಅಲ್ಲಿಗೆ ದಿನಾ ಹೋಗುವ ಜನರೇ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಂದು ಫೋನ್, ಅದನ್ನು ಎತ್ತಲು ಒಬ್ಬರು ಇರಲಿ.

ಆ ಹಳೇ ರಿಜಿಸ್ಟರ್ ಇನ್ನೂ ರೆಕಾರ್ಡ್ ರೂಮಿನಲ್ಲಿದೆ ಎಂದು ಕೇಳಿದ್ದೇನೆ. ಷರಾ ಅಂಕಣದ ಶಾಯಿ ಮಾಸಿದೆಯಂತೆ, ಸಂಕ್ಷೇಪ ಪದಗಳು ಹೊಸಬರಿಗೆ ಅರ್ಥ ಆಗುವುದಿಲ್ಲವಂತೆ. ಅವು ನನಗೆ ಗೊತ್ತು. ಕೊನೆಯ ಕೆಲವು ವರ್ಷಗಳದ್ದು ನನ್ನದೇ ಕೈಬರಹ. ಯಾರಾದರೂ ಟೈಪ್ ಮಾಡಲು ಕೂರುವುದಾದರೆ ನಾನು ದಿನಾ ಬಂದು ಪಕ್ಕದಲ್ಲಿ ಕುಳಿತು ಓದಿ ಹೇಳುತ್ತೇನೆ. ಅದಕ್ಕೆ ನನಗೆ ಏನೂ ಕೊಡುವುದು ಬೇಡ.

ಇಂತಿ,
ನಗರಾಡಳಿತದ ಆಸ್ತಿ ವಿಭಾಗದ ಒಬ್ಬ ನಿವೃತ್ತ ಗುಮಾಸ್ತೆ